ಇಇಜಿಗೆ ಹೋಗೋ ಮುಂಚೆ ತಲೆಗೆ ಎಣ್ಣೆ ಹಚ್ಬೇಡಿ

ಫಿಟ್ಸ್ ಬಂದವ್ರಿಗೆ ಡಾಕ್ಟ್ರು ಇಇಜಿ ಅನ್ನೋ ಮಿದುಳಿನ ಪರೀಕ್ಷೆ ಬರ್ಕೊಟ್ರೆ ಮನೇಲಿ ಮೊದ್ಲು ಕೇಳೋದು, ತಲೆಗೆ ಶಾಕ್ ಕೊಡ್ತಾರಾ ಅಂತ. ಇಲ್ಲ ರೀ. ಮಿಷಿನ್ನಿಂದ ತಲೆಗೆ ಏನೂ ಹೋಗಲ್ಲ, ಮಿದುಳಲ್ಲೇ ಹುಟ್ಟೋ ಕರೆಂಟನ್ನ ಅದು ಹೊರಗಿಂದ ಬರ್ಕೊಳ್ಳತ್ತೆ ಅಷ್ಟೇ, ಅದೂ ಮೈಕ್ರೋವೋಲ್ಟ್, ಅಂದ್ರೆ ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯರ ಮೇಲೆ ಇದನ್ನ ಮೊದ್ಲು ಮಾಡಿದ್ದು.

ಹಿಂದಿನ ದಿನ ಶಾಂಪೂ ಹಾಕಿ ತಲೆಸ್ನಾನ ಮಾಡಿ, ಆಮೇಲೆ ಎಣ್ಣೆ, ಜೆಲ್ ಏನೂ ಬೇಡ, ಜಿಡ್ಡಿದ್ರೆ ಎಲೆಕ್ಟ್ರೋಡು, ಅಂದ್ರೆ ತಲೆಗೆ ಅಂಟಿಸೋ ವೈರಿನ ಪುಟ್ಟ ಬಿಲ್ಲೆ, ಸರಿಯಾಗಿ ಕೂರಲ್ಲ. ರಕ್ತ ಪರೀಕ್ಷೆ ಥರ ಖಾಲಿ ಹೊಟ್ಟೇಲಿ ಹೋಗ್ಬೇಡಿ, ಶುಗರ್ ಇಳಿದ್ರೆ ಮಿದುಳಿನ ಅಲೆಗಳೇ ಬದಲಾಗ್ಬಿಡ್ತವೆ, ತಿಂಡಿ ತಿನ್ನಿ, ಕಾಫಿ ಮಾತ್ರ ಬಿಡಿ. ಫಿಟ್ಸ್ ಮಾತ್ರೆನ ನೀವೇ ನಿಲ್ಲಿಸೋದಂತೂ ಬೇಡ್ವೇ ಬೇಡ, ಒಮ್ಮೆಗೇ ಬಿಟ್ರೆ ನಿಲ್ಲದ ಹಾಗೆ ಫಿಟ್ಸ್ ಬಂದು ಐಸಿಯು ಸೇರೋ ಪರಿಸ್ಥಿತಿ ಆಗ್ಬೋದು. ಕೆಲವ್ರಿಗೆ ರಾತ್ರಿ ಕಡಿಮೆ ನಿದ್ದೆ ಮಾಡಿ ಬನ್ನಿ ಅಂತಾರೆ, ನಿದ್ದೆಗೆಟ್ರೆ ಮತ್ತು ಅಲ್ಲೇ ನಿದ್ದೆ ಹೋದ್ರೆ ಫಿಟ್ಸಿನ ಗುರುತು ಸಿಗೋ ಚಾನ್ಸ್ ಜಾಸ್ತಿ, ಆದ್ರೆ ನಿದ್ದೆಗೆಟ್ಟಾಗ್ಲೇ ಫಿಟ್ಸ್ ಬರೋದೂ ಜಾಸ್ತಿ, ಹಂಗಾಗಿ ಜೊತೇಲಿ ಒಬ್ರು ಇರ್ಲಿ.

ಅಲ್ಲಿ ಟೇಪ್ ಹಿಡಿದು ತಲೆ ಅಳೆದು, ಪೇಸ್ಟ್ ಹಚ್ಚಿ ಸಾಮಾನ್ಯವಾಗಿ 21 ಎಲೆಕ್ಟ್ರೋಡು ಅಂಟಿಸ್ತಾರೆ. ರೆಕಾರ್ಡಿಂಗು ಅರ್ಧ ಗಂಟೆ ಆಗ್ಬೋದು. ಕಣ್ಣು ಮುಚ್ಚಿ, ತೆಗೀರಿ, ಮೂರು ನಿಮಿಷ ಜೋರಾಗಿ ಉಸಿರಾಡಿ ಅಂತಾರೆ, ಆಮೇಲೆ ಪಕ್ ಪಕ್ ಅಂತ ಲೈಟ್ ಹೊಡೀತಾರೆ. ಬೇಕಂತಲೇ ಮಿದುಳನ್ನ ಸ್ವಲ್ಪ ಕೆಣಕಿ ನೋಡೋದು.

ಇಷ್ಟೆಲ್ಲಾ ಆಗಿ ರಿಪೋರ್ಟ್ ನಾರ್ಮಲ್ ಬಂದ್ರೆ ಕಾಯಿಲೆನೇ ಇಲ್ಲ ಅಂತ ಖುಷಿಪಡ್ಬೇಡಿ. ಆ ಅರ್ಧ ಗಂಟೇಲಿ ಮಿದುಳು ಸುಮ್ಮನಿತ್ತು ಅಂತ ಮಾತ್ರ ಅದರರ್ಥ, ಮೊದಲ ಇಇಜಿ ನಾರ್ಮಲ್ ಬರೋದು ತೀರಾ ಮಾಮೂಲು. ಅನುಮಾನ ಉಳಿದ್ರೆ ವಾರ್ಡಲ್ಲಿ ಮಲಗಿಸಿ ಕ್ಯಾಮೆರಾ ಇಟ್ಟು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ವಿಡಿಯೋ ಇಇಜಿ ಮಾಡ್ತಾರೆ, ಎರಡು ಥರದ ಮಾತ್ರೆಗೂ ಫಿಟ್ಸ್ ಬಗ್ಗದೆ ಆಪರೇಷನ್ ಮಾತು ಬಂದಾಗಂತೂ ಇದು ಬೇಕೇ ಬೇಕು.

ಫಿಟ್ಸ್ ಮಿದುಳಿನ ಯಾವ ಜಾಗದಿಂದ ಹೊರಡತ್ತೆ ಅಂತ ಇನ್ನೂ ನಿಖರವಾಗಿ ಹುಡುಕೋಕೆ ಎಂಇಜಿ ಅನ್ನೋ ಇನ್ನೊಂದು ಪರೀಕ್ಷೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಇದು ಹಿಡಿಯೋದು ಕರೆಂಟ್ ಹರಿದಾಗ ಹುಟ್ಟೋ ಅಯಸ್ಕಾಂತದ ಅಲೆಗಳನ್ನ. ತಲೆಬುರುಡೆ ಕರೆಂಟನ್ನ ಮಸುಕು ಮಾಡತ್ತೆ, ಈ ಅಲೆಗಳನ್ನ ಅಷ್ಟು ಮಾಡಲ್ಲ, ಆದ್ರೆ ಇವು ಎಷ್ಟು ದುರ್ಬಲ ಅಂದ್ರೆ ಹೊರಗೆ ಲಿಫ್ಟ್ ಓಡಿದ್ರೂ ಮುಚ್ಚಿಹೋಗ್ತವೆ, ಅದಕ್ಕೇ ವಿಶೇಷ ಲೋಹದ ಗೋಡೆಯ ರೂಮು. ಸೆನ್ಸರುಗಳನ್ನ ದ್ರವ ಹೀಲಿಯಂನಲ್ಲಿ ಸುಮಾರು ಮೈನಸ್ 269 ಡಿಗ್ರಿಗೆ ಇಟ್ಟಿರ್ತಾರೆ. ಹೇರ್‌ಪಿನ್, ಸರ, ಉಡುದಾರದ ಬೆಳ್ಳಿ ಎಲ್ಲಾ ತೆಗೆದಿಡಿ, ಹಲ್ಲಿಗೆ ಕ್ಲಿಪ್ ಇದ್ರೆ ಮೊದ್ಲೇ ಹೇಳಿ.

ಇನ್ನೊಂದು, ಫಿಟ್ಸ್ ಬಂದಾಗ ಕೈಗೆ ಬೀಗದ ಕೈ, ಕಬ್ಬಿಣ ಕೊಡೋದು ಬಿಡಿ, ಏನೂ ಪ್ರಯೋಜನ ಇಲ್ಲ. ಒಬ್ರು ಪಕ್ಕಕ್ಕೆ ಹೊರಳಿಸಿ ನೋಡ್ಕೊಳ್ಳಲಿ, ಇನ್ನೊಬ್ರು ಮೊಬೈಲಲ್ಲಿ ವಿಡಿಯೋ ಮಾಡಲಿ. ತಲೆ ಯಾವ ಕಡೆ ತಿರುಗ್ತು, ಯಾವ ಕೈ ಮೊದ್ಲು ಅದುರ್ತು, ಎಷ್ಟು ನಿಮಿಷ ಅಂತ ಅದ್ರಲ್ಲಿ ಗೊತ್ತಾಗತ್ತೆ, ಫೈಲ್ ಜೊತೆ ಅದನ್ನೂ ಡಾಕ್ಟ್ರಿಗೆ ತೋರಿಸಿ. ಐದು ನಿಮಿಷ ದಾಟಿದ್ರೆ ವಿಡಿಯೋ ಬಿಟ್ಟು 108ಕ್ಕೆ ಫೋನ್ ಮಾಡಿ.