ಪರದೇಶದಲ್ಲಿ ಕರೆಂಟ್ ಹೋದ ಸಂಜೆ: ಕೆಂಡವನ್ನು ಒಳಗೆ ತರಬೇಡಿ

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಕರೆಂಟ್ ಹೋದರೆ ಯಾರೂ ಬೆಚ್ಚುವುದಿಲ್ಲ. ಎಲ್ಲೋ ತೋಟದ ಸಿಲ್ವರ್ ಮರವೊಂದು ತಂತಿಯ ಮೇಲೆ ಒರಗಿರುತ್ತದೆ. ಲೈನ್‌ಮನ್ ಬಂದು ಸರಿಪಡಿಸುವವರೆಗೆ ಬಚ್ಚಲೊಲೆಯಲ್ಲಿ ಬೆಂಕಿ, ದೀಪದ ಗೂಡಿನಲ್ಲಿ ಬುಡ್ಡಿ, ಅಷ್ಟೇ. ಈ ಅಭ್ಯಾಸದ ಧೈರ್ಯವೇ ಹೊರದೇಶಕ್ಕೆ ಹೋದ ನಮ್ಮ ಮಕ್ಕಳನ್ನು ಅಪಾಯಕ್ಕೆ ದೂಡುತ್ತದೆ. ಅವರಿಗೆ ಕತ್ತಲೆ ಹೊಸದಲ್ಲ, ಮನೆ ಹೊಸದು. ಕೆನಡಾದಲ್ಲಿರುವ ಮಗನ ಮನೆಯಲ್ಲಿ ನಾನು ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿ ಮಳೆಹನಿ ಬಿದ್ದಲ್ಲೇ ಹೆಪ್ಪುಗಟ್ಟಿ, ಆ ಭಾರಕ್ಕೆ ಕೊಂಬೆಗಳು ಮುರಿದು ತಂತಿ ಹರಿದ ಸಂಜೆಗಳನ್ನೂ ಕಂಡಿದ್ದೇನೆ. ಹೀಗೆ ಮಾಡಿ.

1. ಕಿಟಕಿಯಿಂದ ಹೊರಗೆ ನೋಡಿ. ಪಕ್ಕದ ಮನೆಯಲ್ಲಿ ದೀಪವಿದ್ದರೆ ದೋಷ ನಿಮ್ಮದೇ ಸ್ವಿಚ್ ಪೆಟ್ಟಿಗೆಯಲ್ಲಿರಬಹುದು. ಬೀದಿಯೇ ಕತ್ತಲಾಗಿದ್ದರೆ ವಿದ್ಯುತ್ ಕಂಪನಿಗೆ ತಿಳಿಸಿ. ಬ್ರಿಟನ್ನಿನಲ್ಲಿರುವವರು 105ಕ್ಕೆ ಕರೆ ಮಾಡಬೇಕು. ಮೊಬೈಲಿನ ಬೆಳಕಿನಲ್ಲಿ ಮನೆಯೆಲ್ಲ ಸುತ್ತಬೇಡಿ, ಆ ಚಾರ್ಜ್ ಬೆಳಗಿನವರೆಗೆ ಬೇಕು.

2. ಟಾರ್ಚ್ ಹಚ್ಚಿ, ಮೇಣದಬತ್ತಿ ಬೇಡ. ಅಲ್ಲಿನ ಎಷ್ಟೋ ಮನೆಗಳ ಗೋಡೆಗಳೊಳಗೆ ಇರುವುದು ಮರದ ಚೌಕಟ್ಟು, ನೆಲಕ್ಕೆ ರತ್ನಗಂಬಳಿ. ಉಡುಗೊರೆಯಾಗಿ ಬಂದ ಪರಿಮಳದ ಮೇಣದಬತ್ತಿಗಳಂತೂ ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಯಲ್ಲೇ ತಲೆನೋವು ತರಿಸುತ್ತವೆ. ಸ್ಟೀಲ್ ಚೊಂಬಿನೊಳಗೆ ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸಿದರೆ ಬಿಳಿಯ ಛಾವಣಿಗೆ ಬಡಿದ ಬೆಳಕು ಕೋಣೆಗೆಲ್ಲ ಹರಡುತ್ತದೆ. ತಲೆಗೆ ಕಟ್ಟಿಕೊಳ್ಳುವ ಟಾರ್ಚ್ ಇನ್ನೂ ಉತ್ತಮ, ಮನೆಗೆ ಎರಡಾದರೂ ಇರಲಿ. ಕೈಯಿಂದ ತಿರುಗಿಸಿ ಚಾರ್ಜ್ ಮಾಡುವ ಅಗ್ಗದ ಟಾರ್ಚಿಗೆ ಹಣ ಹಾಕಬೇಡಿ. ನಾವು ಕೊಂಡದ್ದರ ಹಿಡಿ ಎರಡನೆಯ ಸಲಕ್ಕೇ ಮುರಿಯಿತು.

3. ಫ್ರಿಜ್ ಬಾಗಿಲು ಮುಚ್ಚಿಯೇ ಇರಲಿ. ಮುಚ್ಚಿದ್ದರೆ ಒಳಗಿನ ಪದಾರ್ಥ ಸುಮಾರು 4 ಗಂಟೆ ಕೆಡದೆ ಉಳಿಯುತ್ತದೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಣ್ಣಗಿರುತ್ತದೆ. ಮೊಸರು, ಉಪ್ಪಿನಕಾಯಿ, ಮಗುವಿನ ಹಾಲು, ಬೇಕಾದುದನ್ನೆಲ್ಲ ಯೋಚಿಸಿಕೊಂಡು ಒಂದೇ ಸಲಕ್ಕೆ ತೆಗೆಯಿರಿ.

4. ಇನ್ನು ಚಳಿ. ಎಲ್ಲರೂ ಎಡವುವುದು ಇಲ್ಲೇ.

ಮನೆ ಬಿಸಿ ಮಾಡುವ ಯಂತ್ರ ಗ್ಯಾಸಿನದಾದರೂ ಬಿಸಿಗಾಳಿಯನ್ನು ತಳ್ಳುವ ಫ್ಯಾನಿಗೆ ವಿದ್ಯುತ್ ಬೇಕು. ಒಂದೆರಡು ಗಂಟೆಯಲ್ಲಿ ಗೋಡೆ ತಣ್ಣಗಾಗತೊಡಗುತ್ತದೆ. ಆಗ ನಮ್ಮವರಿಗೆ ನೆನಪಾಗುವುದು ಅಗ್ಗಿಷ್ಟಿಕೆ. ಮೊದಲ ಚಳಿಗಾಲದಲ್ಲಿ ಮಗ, "ಅಮ್ಮ, ಬಾರ್ಬೆಕ್ಯೂ ಇದ್ದಿಲು ಚೀಲದ ತುಂಬ ಇದೆ. ಊರಿನಲ್ಲಿ ಬಾಣಂತಿ ಕೋಣೆಗೆ ಇಡುತ್ತಿದ್ದಂತೆ ಕೆಂಡ ಮಾಡಿ ತರುತ್ತೇನೆ" ಎಂದ. ನಾನೂ ಒಪ್ಪಿದೆ. ಹೊಗೆಯೆಲ್ಲ ಹೋಗಿ ನಿಗಿನಿಗಿ ಎನ್ನುವ ಕೆಂಡವನ್ನೇ ಹಾಲ್‌ಗೆ ತಂದ. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿನ ಎಚ್ಚರಿಕೆ ಯಂತ್ರ ಕಿರುಚತೊಡಗಿತು. ಸೆಲ್ ಮುಗಿದಿರಬೇಕು ಎಂದು ಅವನು ಅದನ್ನು ಬಿಚ್ಚಲು ಕುರ್ಚಿ ಹತ್ತಿದ. ಸೊಸೆ ಕೂಗಿ ತಡೆದಳು. ಮಗುವನ್ನೆತ್ತಿಕೊಂಡು ಎಲ್ಲರೂ ಹಿಮದಲ್ಲಿ ಹೊರಗೆ ಬಂದು ನಿಂತು, ಸಹಾಯಕ್ಕೆ ಕರೆ ಮಾಡಿದೆವು.

ಹೊಗೆ ಹೋದ ಕೆಂಡ ಶುದ್ಧ ಎಂಬುದು ನಮ್ಮ ಹಳೆಯ ತಪ್ಪು ಎಣಿಕೆ. ಆ ಕೆಂಡವೇ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ ಅದರ ಗುರುತು. ಮಲಗಿದ್ದವರಿಗೆ ಆ ಗುರುತೂ ತಿಳಿಯದೆ ಹೋಗಬಹುದು. ಊರಿನ ಹಳೆಯ ಮನೆಯಲ್ಲಿ ಹೆಂಚಿನ ಸಂದು, ಗವಾಕ್ಷಿ, ಬಾಗಿಲ ಬಿರುಕು ನಮ್ಮನ್ನು ಕಾಯುತ್ತಿದ್ದವು, ಅಲ್ಲಿಯೂ ಬಾಗಿಲು ಜಡಿದು ಮಲಗಿದರೆ ಕೆಂಡ ಅಪಾಯವೇ. ಹೊರದೇಶದ ಮನೆಗಳಲ್ಲಿ ಬಿಸಿ ಸೋರಬಾರದೆಂದು ಒಂದೊಂದು ಸಂದನ್ನೂ ಮುಚ್ಚಿರುತ್ತಾರೆ. ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ ಸಾಕು ಎನ್ನುವವರ ಮಾತು ಕೇಳಬೇಡಿ, ಸಾಲದು. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ 45 ಲಕ್ಷ ಮನೆ, ಅಂಗಡಿಗಳ ವಿದ್ಯುತ್ ಹೋದಾಗ ಒಳಗೆ ಇದ್ದಿಲು ಉರಿಸಿ, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿಟ್ಟು ಪ್ರಾಣ ಕಳೆದುಕೊಂಡವರಿದ್ದಾರೆ. ಗ್ಯಾಸ್ ಒಲೆಯ ಓವನ್ ಹಚ್ಚಿ ಬಾಗಿಲು ತೆರೆದಿಡುವುದೂ ಇದೇ ಜಾತಿಯ ತಪ್ಪು. ಜನರೇಟರ್ ಇದ್ದರೆ ಅದು ಹೊರಗೆ, ಮನೆಯಿಂದ 20 ಅಡಿಯಾದರೂ ದೂರದಲ್ಲಿರಬೇಕು.

ಹಾಗಾದರೆ ಬೆಚ್ಚಗಿರುವುದು ಹೇಗೆ? ಇಡೀ ಮನೆಯ ಆಸೆ ಬಿಡಿ, ಒಂದು ಕೋಣೆಯನ್ನು ಉಳಿಸಿಕೊಳ್ಳಿ. ಚಿಕ್ಕದು, ಕಿಟಕಿ ಕಡಿಮೆ ಇರುವುದು, ಹೊರಗೋಡೆಗೆ ತಾಗದಿದ್ದರೆ ಇನ್ನೂ ಒಳ್ಳೆಯದು. ಮನೆಯವರೆಲ್ಲ ಅಲ್ಲೇ ಸೇರಿ, ಮನುಷ್ಯರ ಮೈಬಿಸಿ ಸಣ್ಣ ಕೋಣೆಗೆ ನಿಜವಾಗಿಯೂ ಒದಗುತ್ತದೆ. ಬಾಗಿಲ ಕೆಳಗಿನ ಸಂದಿಗೆ ಹಳೆಯ ಪಂಚೆ ಸುತ್ತಿ ಒತ್ತಿ. ಪರದೆ ಎಳೆದು ಕಿಟಕಿಗೆ ಕಂಬಳಿ ಇಳಿಬಿಡಿ. ಹಾಸಿಗೆಯನ್ನು ಹೊರಗೋಡೆಯಿಂದ ದೂರ ಎಳೆದುಕೊಳ್ಳಿ. ಒಂದು ದಪ್ಪ ಕೋಟಿಗಿಂತ ಮೂರು ತೆಳು ಬಟ್ಟೆ ಮೇಲು, ಮೈಗೆ ತಾಗುವ ಬಟ್ಟೆ ಒಣಗಿರಬೇಕು. ಟೋಪಿ, ಕಾಲುಚೀಲ ಮಲಗುವಾಗಲೂ ಇರಲಿ. ಊರಿನಿಂದ ಹೊರಡುವಾಗ ಭಾರವೆಂದು ಕುರಿ ಉಣ್ಣೆಯ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದಿಡುತ್ತೀರಲ್ಲ, ಅದನ್ನು ಇಟ್ಟು ಚಕ್ಕುಲಿ ಡಬ್ಬಿಯನ್ನು ತೆಗೆಯಿರಿ. ನಲ್ಲಿಯನ್ನು ನೂಲಿನೆಳೆಯಷ್ಟು ಹರಿಯಬಿಡಿ, ಇಲ್ಲದಿದ್ದರೆ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆಯಬಹುದು. ಇಷ್ಟಾದರೂ ಮಗು ಅಥವಾ ವಯಸ್ಸಾದವರು ನಡುಗುತ್ತಿದ್ದರೆ ಹಟ ಬಿಟ್ಟು ವಿದ್ಯುತ್ ಇರುವ ಸ್ನೇಹಿತರ ಮನೆಗೆ ಹೊರಡಿ.

5. ಊಟಕ್ಕೆ ಮೊಸರವಲಕ್ಕಿ. ಗ್ಯಾಸ್ ಒಲೆಯಿದ್ದರೆ ಮೇಲಿನ ಬರ್ನರನ್ನು ಕಡ್ಡಿ ಗೀರಿ ಹಚ್ಚಿ ಕಾಫಿ ಕಾಸಬಹುದು, ಕಾಸಿದೊಡನೆ ಆರಿಸಿ. ಇಂಡಕ್ಷನ್ ಒಲೆಯವರು ಬಿರುಗಾಳಿಯ ಮುನ್ಸೂಚನೆ ಬಂದ ಕೂಡಲೇ ಫ್ಲಾಸ್ಕ್ ತುಂಬಿಸಿಕೊಳ್ಳಲಿ.

6. ಹೊತ್ತು ಕಳೆಯಲು ಚೌಕಾಬಾರ. ಒಂದು ಬದಿ ತೇದ ಹುಣಸೆ ಬೀಜ ನಾಲ್ಕು, ರಟ್ಟಿನ ಮೇಲೆ ಮನೆ ಬರೆಯಲು ಪೆನ್ನು.

7. ಕತ್ತಲಾಗುತ್ತಲೇ ಇಸ್ತ್ರಿಪೆಟ್ಟಿಗೆ, ಟಿವಿ, ಹೀಟರುಗಳ ಪ್ಲಗ್ ಕಿತ್ತು, ಒಂದೇ ಒಂದು ದೀಪದ ಸ್ವಿಚ್ ಹಾಕಿಟ್ಟಿರಿ. ಅದು ಬೆಳಗಿದಾಗ ಕರೆಂಟ್ ಬಂದದ್ದು ತಿಳಿಯುತ್ತದೆ.

ಫ್ರೀಜರಿನ ಬಗ್ಗೆ ಒಂದು ಉಪಾಯವನ್ನು ಇವತ್ತೇ ಮಾಡಿಡಿ. ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೊಂದು ನಾಣ್ಯವಿಟ್ಟು ಒಳಗೇ ಬಿಡಿ. ಕರೆಂಟ್ ಬಂದ ಮೇಲೆ ನಾಣ್ಯ ತಳದಲ್ಲಿ ಕಂಡರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಆಗ ಮಾಂಸ, ಮೀನು ಎಷ್ಟೇ ದುಬಾರಿಯಾಗಿರಲಿ, ಮೂಸಿ ನೋಡದೆ ಎಸೆಯಿರಿ.