ಮೇ ತಿಂಗಳ ಬಿಸಿಲು, ಕಾದ ಎಂಜಿನ್ನು: ಗಾಡಿ ಓಡಿಸೋರು ಏನು ಮಾಡಬೇಕು

ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೆಚ್ಚೂಕಡಿಮೆ 40 ಕಿಲೋಮೀಟರ್. ವಾರಕ್ಕೆ ಆರು ದಿನ ಬೈಕ್ ಮೇಲೆ ಹೋಗಿ ಬರುತ್ತೇನೆ. ಏಪ್ರಿಲ್ ಕೊನೆಯಿಂದ ಮೊದಲ ಮಳೆ ಬೀಳೋವರೆಗೆ ನಮ್ಮ ಕಡೆ 42, 43 ಡಿಗ್ರಿ ಅಂದ್ರೆ ಅದೇನು ಸುದ್ದಿಯೇ ಅಲ್ಲ. ಡಾಂಬರು ಮೆತ್ತಗಾಗಿರುತ್ತದೆ, ಸೀಟಿನ ಮೇಲೆ ಕೂರೋಕಾಗೋದಿಲ್ಲ, ಎಂಜಿನ್ನಿನ ಝಳ ಮೊಣಕಾಲಿಗೆ ಬಡಿಯುತ್ತಿರುತ್ತದೆ. ಆಗ ಹೊಸದಾಗಿ ಗಾಡಿ ತಗೊಂಡವರೆಲ್ಲ ಕೇಳೋದು ಒಂದೇ: ಈ ಬಿಸಿಲಿಗೆ ಎಂಜಿನ್ ಸೀಜ್ ಆಗತ್ತಾ, ಅಂದ್ರೆ ಒಳಗೇ ಹಿಡಿದುಕೊಂಡು ನಿಂತುಬಿಡತ್ತಾ?

ಬರೀ ಬಿಸಿಲಿಗೆ ಆಗೋದಿಲ್ಲ. ಪೆಟ್ರೋಲ್ ಉರಿದು ಬರೋ ಶಕ್ತಿಯಲ್ಲಿ ಚಕ್ರ ತಿರುಗಿಸೋಕೆ ಸಿಗೋದು ಕಾಲು ಭಾಗ, ಬಹಳ ಅಂದ್ರೆ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಬಿಸಿ. ಒಂದಿಷ್ಟು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಮಿಕ್ಕಿದ್ದನ್ನು ಎಂಜಿನ್ ಸುತ್ತ ಇರೋ ತೆಳು ಲೋಹದ ಪಟ್ಟಿಗಳು, ಅಂದ್ರೆ ಫಿನ್ನುಗಳು, ಗಾಳಿಗೆ ಬಿಟ್ಟುಕೊಡಬೇಕು. ಫಿನ್ 150 ಡಿಗ್ರಿ ಕಾದಿದೆ ಅಂತಿಟ್ಟುಕೊಳ್ಳಿ. ಹೊರಗೆ 25 ಡಿಗ್ರಿ ಇದ್ದಾಗ ಅಂತರ 125. 43 ಆದಾಗ 107. ಬಿಸಿ ಬಿಟ್ಟುಕೊಡೋದು ಈ ಅಂತರದ ಲೆಕ್ಕದಲ್ಲೇ, ಅಂದ್ರೆ ನೂರಕ್ಕೆ 14, 15ರಷ್ಟು ಕಡಿಮೆ ಆಯಿತು ಅಷ್ಟೇ. ಗಾಡಿ ಮಾಡಿದವರು ಇದನ್ನು ಲೆಕ್ಕ ಹಾಕಿಯೇ ಮಾಡಿರುತ್ತಾರೆ. ಆದರೆ ಗಾಡಿ ನಿಂತುಬಿಟ್ಟರೆ? ಎಂಜಿನ್ ಉರಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಆಡೋದಿಲ್ಲ. ಎಂಜಿನ್ ಕೆಡಿಸೋದು ಈ ನಿಂತ ಗಾಳಿ. ಅದರ ಜೊತೆಗೆ ಯಾರೂ ತೆಗೆದು ನೋಡದ ಆಯಿಲ್.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಮೇ ತಿಂಗಳ ಒಂದು ಗುರುವಾರ, ಸ್ವಾಮಿ ಸಮರ್ಥರ ಗುಡಿ ಕಡೆಗೆ ಗಾಡಿ ತಿರುಗಿಸಿದೆ. ಗುರುವಾರ ಅಲ್ಲಿ ಜನ ಎಷ್ಟಿರುತ್ತಾರೆ ಅಂತ ಊರಿನವನಾದ ನನಗೆ ಗೊತ್ತಿರಬೇಕಿತ್ತು. ಪುಣೆ, ಮುಂಬೈ ಕಡೆಯ ಕಾರುಗಳು ಎರಡೂ ಬದಿಗೆ, ನಡುವೆ ಟಂಟಂ, ಹಿಂದೆ ಬಸ್ಸು. ಮುಕ್ಕಾಲು ಗಂಟೆ ಹಾಫ್ ಕ್ಲಚ್ಚಿನಲ್ಲಿ ಗೇಣು ಗೇಣು ಸರಿಯುತ್ತಾ ಕೂತೆ. ಮೊದಲು ನ್ಯೂಟ್ರಲ್ ಸಿಗದಂತಾಯಿತು, ಗೇರ್ ಒತ್ತಿದರೆ ಕಲ್ಲು ಒತ್ತಿದ ಹಾಗೆ. ಆಮೇಲೆ ಕ್ಲಚ್ಚಿನ ಹಿಡಿತವೇ ಬದಲಾಯಿತು. ಕೊನೆಗೆ ಒಂಥರಾ ಟಣಟಣ ಸದ್ದು ಬಂದು ಗಾಡಿ ತಾನಾಗಿ ಬಂದ್ ಬಿತ್ತು.

ಪಕ್ಕದ ಕಬ್ಬಿನ ಹಾಲಿನ ಅಂಗಡಿಯ ಹುಡುಗ ಪಾಪ, ಸಹಾಯ ಮಾಡೋಣ ಅಂತ ಒಂದು ಚೊಂಬು ನೀರು ಹಿಡಿದು ಎಂಜಿನ್ನಿಗೆ ಸುರಿಯೋಕೆ ಬಂದ. ಎದುರಿನ ಗ್ಯಾರೇಜಿನ ಮಿಸ್ತ್ರಿ ಅಲ್ಲಿಂದಲೇ ಕೂಗಿದ: "ಏ ತಮ್ಮಾ, ನೀರ ಹಾಕಬ್ಯಾಡೋ! ಕಾದ ಹಂಚಿಗೆ ತಣ್ಣೀರ ಸುರದ್ರ ಏನ ಆಗ್ತದ, ನಿಮ್ಮವ್ವನ್ನ ಕೇಳು." ಮನೆಯಲ್ಲಿ ರೊಟ್ಟಿ ಹಂಚು ಕಂಡವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ. ಹೊರಗಿನ ಲೋಹ ಒಮ್ಮೆಲೇ ಕುಗ್ಗುತ್ತದೆ, ಒಳಗಿನದು ಇನ್ನೂ ಹಿಗ್ಗಿಯೇ ಇರುತ್ತದೆ. ಫಿನ್ ಸೀಳಬಹುದು, ಎಂಜಿನ್ನಿನ ಮೇಲ್ಭಾಗ, ಅಂದ್ರೆ ಹೆಡ್, ಸೊಟ್ಟಗಾಗಬಹುದು. ಸೈಲೆನ್ಸರಿಗೂ ಅಷ್ಟೇ. ಗಾಡಿ ಬಂದ್ ಮಾಡಿ, ನೆರಳಿಗೆ ತಳ್ಳಿ, ಅರ್ಧ ಗಂಟೆ ಬಿಡಿ. ಬೇರೆ ಉಪಾಯ ಬೇಡ. ಗಾಡಿ ತೊಳೆಸೋಕೆ ಹೋದಾಗಲೂ ಇದೇ ಮಾತು. ಓಡಿಸಿಕೊಂಡು ಹೋದ ತಕ್ಷಣ ಪ್ರೆಶರ್ ನೀರು ಬಿಡಿಸಬೇಡಿ, ಚಹಾ ಕುಡಿದು ಬನ್ನಿ.

ಗಾಡಿ ತಣ್ಣಗಾದ ಮೇಲೆ ಮಿಸ್ತ್ರಿ ಆಯಿಲ್ ಮಟ್ಟ ನೋಡೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ ತೆಗೆದು ನನ್ನ ಮುಖದ ಮುಂದೆ ಹಿಡಿದ. ತುದಿ ಕೂಡ ಒದ್ದೆ ಆಗಿರಲಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿದರೆ ಒಂದು ಲೀಟರ್ ಇರಬೇಕಾದ ಕಡೆ ಅರ್ಧ ಲೀಟರೂ ಬರಲಿಲ್ಲ, ಬಂದದ್ದು ಕೂಡ ಕಾಡಿಗೆ. ನಾಲ್ಕು ತಿಂಗಳಿಂದ ನಾನು ನೋಡಿಯೇ ಇರಲಿಲ್ಲ. ಬಿಸಿಲಿನ ತಪ್ಪಲ್ಲ, ನನ್ನದೇ.

ಹಾಗಾಗಿ ಮೊದಲ ಕೆಲಸ ಆಯಿಲ್ ನೋಡೋದು. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಎರಡು ನಿಮಿಷದ ಕೆಲಸ. ಗಾಡಿ ಒಂದೆರಡು ಕಿಲೋಮೀಟರ್ ಓಡಿಸಿ, ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಬಂದ್ ಮಾಡಿ ಮೂರ್ನಾಲ್ಕು ನಿಮಿಷ ಬಿಡಿ. ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ. ಡಿಪ್‌ಸ್ಟಿಕ್ ತೆಗೆದು ಬಟ್ಟೆಯಿಂದ ಒರೆಸಿ ಮತ್ತೆ ಇಳಿಸಿ ನೋಡಿ. ಅನೇಕ ಗಾಡಿಗಳಲ್ಲಿ ಮುಚ್ಚಳ ತಿರುಗಿಸದೆ ಸುಮ್ನೆ ಕೂರಿಸಿ ನೋಡಬೇಕು, ಕೆಲವದರಲ್ಲಿ ಹಾಗಲ್ಲ, ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಗಾಜಿನ ಕಿಂಡಿ ಇರೋ ಗಾಡಿಯಾದರೆ ನೇರ ನಿಲ್ಲಿಸಿ ಕಿಂಡಿ ನೋಡಿದರೆ ಸಾಕು. ಎರಡು ಗೆರೆಯ ನಡುವೆ ಇರಬೇಕು. ಮೇಲಿನ ಗೆರೆ ದಾಟಿಸಿ ತುಂಬಿಸೋದೂ ಕೆಟ್ಟದ್ದೇ. ಆಯಿಲ್ ನೊರೆ ಬರುತ್ತದೆ, ಏರ್ ಫಿಲ್ಟರ್ ಕಡೆಗೆ ಉಗಿಯುತ್ತದೆ.

ಇನ್ನು ಯಾವ ಆಯಿಲ್ ಅನ್ನೋ ಜಗಳ. "ಬೇಸಿಗೆ ಅಲ್ವಾ, ದಪ್ಪದ್ದು ಹಾಕೋಣ" ಅಂತ ಅಂಗಡಿಯವರು ಎಲ್ಲರಿಗೂ ಟ್ವೆಂಟಿ ಫಿಫ್ಟಿ ಕೊಟ್ಟುಬಿಡುತ್ತಾರೆ. 20ಡಬ್ಲ್ಯು-50ರಲ್ಲಿ ಮೊದಲ ಅಂಕಿ ತಣ್ಣಗಿದ್ದಾಗಿನ ದಪ್ಪ, ಕೊನೆಯದು ಎಂಜಿನ್ ಕಾದಾಗಿನ ದಪ್ಪ. ಸ್ಪ್ಲೆಂಡರ್‌ಗೆ ಹೀರೋ ಹೇಳೋದು 10ಡಬ್ಲ್ಯು-30. ರಾಯಲ್ ಎನ್‌ಫೀಲ್ಡ್ 350ಕ್ಕೆ 15ಡಬ್ಲ್ಯು-50. ಎರಡೂ ಇದೇ ದೇಶದ ಬಿಸಿಲಲ್ಲೇ ಓಡೋ ಗಾಡಿಗಳು. ಒಳಗಿನ ಸಂದು, ಪಂಪು ಬೇರೆ ಬೇರೆ, ಅದಕ್ಕೇ ಅಂಕಿಯೂ ಬೇರೆ. ಪುಸ್ತಕದಲ್ಲಿ ಇರೋದನ್ನೇ ಹಾಕಿಸಿ, ನೆರೆಮನೆಯವರ ಗಾಡಿಗೆ ಹಾಕಿದ್ದನ್ನಲ್ಲ. ಖರ್ಚು ಮಾಡೋ ಮನಸ್ಸಿದ್ದರೆ ಅದೇ ಅಂಕಿಯ ಸಿಂಥೆಟಿಕ್ ತಗೊಳ್ಳಿ, ಬಿಸಿಗೆ ಅದು ಬೇಗ ಸಾಯೋದಿಲ್ಲ. ಗೇರಿನ ಗಾಡಿಯಾದರೆ ಡಬ್ಬಿ ಮೇಲೆ ಜಾಸೊ ಎಂಎ ಅಥವಾ ಎಂಎ2 ಅನ್ನೋ ಗುಣಮಟ್ಟದ ಗುರುತು ಇರಲೇಬೇಕು. ನಮ್ಮ ಗೇರಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕ್ಲಚ್ ಪ್ಲೇಟ್ ಅದೇ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್ ಉಳಿದಿದೆ ಅಂತ ಸುರಿದರೆ ಕ್ಲಚ್ ಜಾರೋಕೆ ಶುರುವಾಗಬಹುದು, ಜಾರಿದ ಕ್ಲಚ್ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ.

ಟ್ರಾಫಿಕ್ಕಿನಲ್ಲಿ ನಾನು ಈಗ ಪಾಲಿಸೋದು ಸರಳ. ಅರ್ಧ ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಕು ಅನಿಸಿದರೆ ಎಂಜಿನ್ ಬಂದ್. ರೈಲ್ವೆ ಗೇಟ್ ಹಾಕಿದ್ದರೆ, ಮದುವೆ ಮೆರವಣಿಗೆ ಎದುರಾದರೆ, ಯೋಚನೆಯೇ ಇಲ್ಲ. ಹಾಫ್ ಕ್ಲಚ್ಚಿನಲ್ಲಿ ತೇಲಿಸೋದು ಬಿಟ್ಟು, ಮುಂದೆ ಹತ್ತು ಹೆಜ್ಜೆ ಜಾಗ ಆಗೋವರೆಗೆ ಕಾದು, ಒಂದನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ ಮತ್ತೆ ನಿಲ್ಲುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಖಾಲಿ ರೋಡಿನಲ್ಲೂ ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಮೈಲೇಜ್ ಆಸೆಗೆ ಏರಿನಲ್ಲೂ ಟಾಪ್ ಗೇರ್ ಬಿಡದೆ ಎಂಜಿನ್ ಗುದ್ದಿಸಿಕೊಂಡು ಎಳೆಯೋದು. ಒಂದು ಗೇರ್ ಇಳಿಸಿ. ಎಂಜಿನ್ ಹಗುರಾಗಿ ತಿರುಗಿದರೆ ಬಿಸಿ ಕಡಿಮೆ, ಆಯಿಲ್ ಪಂಪೂ ಚೆನ್ನಾಗಿ ತಿರುಗುತ್ತದೆ.

ಗಾಳಿ ಎಂಜಿನ್ನಿಗೆ ತಗಲಬೇಕು, ಇದು ಹೇಳೋಕೆ ನಾಚಿಕೆ ಆಗೋವಷ್ಟು ಸಾಮಾನ್ಯ ಮಾತು. ಆದರೂ ನಮ್ಮ ಓಣಿಯಲ್ಲೇ ನೋಡಿ. ಒಬ್ಬರು ಚಳಿಗಾಲದಲ್ಲಿ ಲೆಗ್‌ಗಾರ್ಡಿಗೆ ರೆಗ್ಜಿನ್ ಕಟ್ಟಿದ್ದನ್ನು ಮೇ ಬಂದರೂ ಬಿಚ್ಚಿಲ್ಲ, ಇನ್ನೊಬ್ಬರು ಅದೇ ಜಾಗಕ್ಕೆ ಮಾರ್ಕೆಟ್ಟಿನ ಚೀಲ ನೇತು ಹಾಕುತ್ತಾರೆ, ಹೊಲಕ್ಕೆ ಹೋಗೋರ ಗಾಡಿಯ ಫಿನ್ನಿನ ಸಂದಿನಲ್ಲಂತೂ ಹೋದ ಮಳೆಗಾಲದ ಎರೆಮಣ್ಣು ಹಾಗೇ ಒಣಗಿ ಇಟ್ಟಿಗೆಯಾಗಿದೆ. ಎಂಜಿನ್ ತಣ್ಣಗಿದ್ದಾಗ ಹಳೇ ಹಲ್ಲುಜ್ಜೋ ಬ್ರಷ್ ತಗೊಂಡು ಫಿನ್ನುಗಳ ಸಂದು ತಿಕ್ಕಿ ತೆಗೆಯಿರಿ. ಬರಿಗೈಯಲ್ಲಿ ಆಗೋ ಕೆಲಸಗಳಲ್ಲಿ ಇದಕ್ಕಿಂತ ಲಾಭದ್ದು ಇಲ್ಲ.

ರೇಡಿಯೇಟರ್ ಇರೋ ಗಾಡಿಗಳ ಕಥೆ ಬೇರೆ. ಫ್ಯಾನ್ ತಿರುಗಿದಾಗ ಬಿಸಿಗಾಳಿ ಕಾಲಿಗೆ ಬಡಿಯುತ್ತದೆ, ಎಷ್ಟೋ ಜನ ಇದನ್ನೇ ದೋಷ ಅಂದುಕೊಂಡು ಶೋರೂಮಿಗೆ ಅಲೆಯುತ್ತಾರೆ. ಒಳಗಿನ ಬಿಸಿ ಹೊರಗೆ ಬರ್ತಾ ಇದೆ ಅಂತ ಅರ್ಥ, ಗಾಡಿ ಸರಿಯಾಗೇ ಇದೆ. ಚಿಂತೆ ಮಾಡಬೇಕಾದ್ದು ಕೂಲಂಟ್ ಬಗ್ಗೆ. ಕೂಲಂಟ್ ಇಳಿದಾಗ ಬೋರ್‌ವೆಲ್ ನೀರು ಸುರಿಯೋರಿದ್ದಾರೆ. ನಮ್ಮ ಕಡೆ ಗಡಸು ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದಲ್ಲ, ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಅದೇ ಕೂರುತ್ತದೆ. ರೆಡಿ ಕೂಲಂಟ್ ಹಾಕಿ, ಇಲ್ಲದಿದ್ದರೆ ಗಟ್ಟಿ ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಸಮ ಬೆರೆಸಿ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ, ಈ ಮಿಶ್ರಣ ಇನ್ನೊಂದಾರು ಡಿಗ್ರಿ ಮೇಲೆ, ಮುಚ್ಚಳದ ಒತ್ತಡ ಸೇರಿ ಇನ್ನೂ ಮೇಲೆ. ಅದಕ್ಕೇ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೀಬೇಡಿ. ಒತ್ತಡ ಹೋದ ಕ್ಷಣವೇ ಕುದಿದು ಮುಖಕ್ಕೆ ಎರಚುತ್ತದೆ. ಮಟ್ಟ ನೋಡೋಕೆ ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿ ಇದೆ, ಅದರಲ್ಲೇ ನೋಡಿ. ಕೆಂಪು ದೀಪ ಹತ್ತಿದರೆ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿ, ಕೀ ಮಾತ್ರ ಆನ್ ಇಡಿ. ಅನೇಕ ಗಾಡಿಗಳಲ್ಲಿ ಫ್ಯಾನ್ ಆಗಲೂ ತಿರುಗುತ್ತದೆ. ಬ್ಯಾಟರಿ ಇಳಿಯೋಷ್ಟು ಹೊತ್ತು ಮಾತ್ರ ಬೇಡ.

ಹಳೇ ಕಾರ್ಬರೇಟರ್ ಗಾಡಿ ಇದ್ದವರಿಗೆ ಒಂದು ಮಾತು. ಮೈಲೇಜ್ ಬರಲಿ ಅಂತ ಕಾರ್ಬರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಕಡಿಮೆ ಮಾಡಿಸೋ ಚಾಳಿ ನಮ್ಮಲ್ಲಿ ಬಹಳ. ಅತಿಯಾದರೆ ಎಂಜಿನ್ ಜಾಸ್ತಿ ಕಾಯುತ್ತದೆ. ಪ್ಲಗ್ ಬಿಚ್ಚಿ ನೋಡಿ, ತುದಿ ಸುಣ್ಣದ ಹಾಗೆ ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ತಿಳಿ ಕಂದು ಇದ್ದರೆ ಸರಿ. 2020ರ ಏಪ್ರಿಲ್ ನಂತರದ, ಹೊಗೆಯ ಹೊಸ ನಿಯಮಕ್ಕೆ ತಕ್ಕಂತೆ ಮಾಡಿದ ಬಿಎಸ್‌6 ಗಾಡಿಗಳಲ್ಲಿ ಈ ಸ್ಕ್ರೂ ಆಟ ನಡೆಯೋದಿಲ್ಲ, ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಅವುಗಳ ಸೈಲೆನ್ಸರಿನ ದಾರಿಯಲ್ಲಿ ಹೊಗೆ ಶುದ್ಧ ಮಾಡೋ ಕನ್ವರ್ಟರ್ ಇರುತ್ತದೆ, ಅದು ಕೆಲಸ ಮಾಡೋದೇ ಕಾದಾಗ. ಒಣಹುಲ್ಲು, ಕಣಿಕೆ ಬಿದ್ದ ಕಡೆ ಕಾದ ಗಾಡಿ ನಿಲ್ಲಿಸಬೇಡಿ.

ಬಂದ್ ಮಾಡಿದ ಮೇಲೆ ಟಿಕ್ ಟಿಕ್ ಅಂತ ಸದ್ದು ಬಂದರೆ ಹೆದರಬೇಡಿ, ಲೋಹ ತಣ್ಣಗಾಗಿ ಕುಗ್ಗೋ ಸದ್ದು ಅದು. ಬೆಳಿಗ್ಗೆ ಒಂದೇ ಕಿಕ್ಕಿಗೆ ಚಾಲೂ ಆಗಿ, ಕಾದಾಗ ಮಾತ್ರ ಸತಾಯಿಸಿದರೆ ಟ್ಯಾಪೆಟ್ (ಎಂಜಿನ್ನಿನ ವಾಲ್ವ್ ಒತ್ತೋ ಭಾಗದ ಸಂದು) ಟೈಟ್ ಆಗಿದೆಯೇನೋ ನೋಡಿಸಿ. ಎಕ್ಸಲರೇಟರ್ ಕೊಟ್ಟರೂ ಎಳೆಯದೆ, ಒಳಗಿಂದ ಟಣಟಣ ಕೇಳಿಸಿದರೆ ಮಾತ್ರ ಅಲ್ಲೇ ನಿಲ್ಲಿಸಿ. ಇನ್ನೆರಡು ಕಿಲೋಮೀಟರ್ ಅಷ್ಟೇ ಅಂತ ಎಳೆದುಕೊಂಡು ಹೋದವರೇ ಪಿಸ್ಟನ್ ಬದಲಿಸೋದು.

ಪ್ರತಿ ಬೇಸಿಗೆ ಮೊಬೈಲಿನಲ್ಲಿ ಒಂದು ಮೆಸೇಜ್ ಸುತ್ತುತ್ತದೆ, ಟ್ಯಾಂಕ್ ಫುಲ್ ಮಾಡಿಸಿದರೆ ಬಿಸಿಲಿಗೆ ಸಿಡಿಯುತ್ತದೆ ಅಂತ. ಸುಳ್ಳು. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳೋಕೆ ಸುಮಾರು 250 ಡಿಗ್ರಿ ಬೇಕು. ಆದರೆ ಬಾಯಿಮಟ್ಟ ತುಂಬಿಸಿ ಬಿಸಿಲಿಗೆ ನಿಲ್ಲಿಸೋದೂ ಜಾಣತನ ಅಲ್ಲ. ನೆಲದಡಿಯಿಂದ ಬಂದ ತಂಪು ಪೆಟ್ರೋಲ್ 10 ಲೀಟರ್ ಇದ್ದು, 15 ಡಿಗ್ರಿ ಕಾದರೆ 140 ಮಿಲಿಯಷ್ಟು ಹಿಗ್ಗುತ್ತದೆ. ಅದಕ್ಕೆ ಜಾಗ ಬೇಡವಾ? ಪಂಪಿನ ನಳಿಗೆ ಕಟ್ ಆದಲ್ಲಿಗೆ ಸಾಕು ಅನ್ನಿ. ಟೈರಿನದೂ ಇಂಥದ್ದೇ ತಪ್ಪು ತಿಳಿವಳಿಕೆ. ಬಿಸಿಲಿಗೆ ಒಡೆಯುತ್ತೆ ಅಂತ ಗಾಳಿ ಕಡಿಮೆ ಹಾಕಿಸುತ್ತಾರೆ. ಉಲ್ಟಾ, ಗಾಳಿ ಕಡಿಮೆಯಾದ ಟೈರೇ ಮಡಚಿ ಮಡಚಿ ಜಾಸ್ತಿ ಕಾಯೋದು, ಎಂಜಿನ್ನಿಗೂ ಅದು ಭಾರ. ಬೆಳಿಗ್ಗೆ ತಣ್ಣಗಿದ್ದಾಗ ಪುಸ್ತಕದಲ್ಲಿ ಇದ್ದಷ್ಟೇ ಹಾಕಿಸಿ.

ಗಂಟೆಗೊಮ್ಮೆ ಎಂಜಿನ್ನಿಗೆ ವಿಶ್ರಾಂತಿ ಕೊಡಬೇಕು ಅಂತಾರೆ ಹಿರಿಯರು. ನಾನು ಒಪ್ಪೋದಿಲ್ಲ. ಆಯಿಲ್ ಸರಿಯಿದ್ದು ಒಂದೇ ವೇಗದಲ್ಲಿ ಓಡೋ ಎಂಜಿನ್ನು ಮೊದಲ ಅರ್ಧ ಗಂಟೆಯೊಳಗೇ ಎಷ್ಟು ಕಾಯಬೇಕೋ ಅಷ್ಟು ಕಾದು ಅಲ್ಲೇ ನಿಲ್ಲುತ್ತದೆ, ಆಮೇಲೆ ನಾಲ್ಕು ಗಂಟೆ ಓಡಿದರೂ ಅಷ್ಟೇ. ವಿಶ್ರಾಂತಿ ಬೇಕಾದ್ದು ಓಡಿಸೋರಿಗೆ. ಮೈ ಚರ್ಮದ ಬಿಸಿ 35ರ ಸುಮಾರು, ಎದುರು ಗಾಳಿ 43. ಅಂದ್ರೆ ಗಾಳಿ ನಮ್ಮನ್ನು ತಂಪು ಮಾಡೋದಿಲ್ಲ, ಒಲೆ ಊದಿದ ಹಾಗೆ ಕಾಸುತ್ತದೆ, ಬೆವರೊಂದೇ ಗತಿ. ಅರ್ಧ ತೋಳಿನ ಶರ್ಟಿಗಿಂತ ತುಂಬು ತೋಳಿನ ಹತ್ತಿ ಬಟ್ಟೆ ತಂಪು ಅನ್ನೋದು ಇದಕ್ಕೇ. ನಾನು ಒಂದು ಸೊಲ್ಲಾಪುರಿ ಟವೆಲ್ ನೆನೆಸಿ ಹಿಂಡಿ ಕುತ್ತಿಗೆಗೆ ಸುತ್ತಿ, ತುದಿಗಳನ್ನು ಶರ್ಟಿನೊಳಗೆ ಸೇರಿಸಿಕೊಳ್ಳುತ್ತೇನೆ. ದಾರಿ ನಡುವಿನ ವಳಸಂಗ ಊರು ಮುಟ್ಟೋದರೊಳಗೆ ಗರಿಗರಿ ಒಣಗಿರುತ್ತದೆ. ಅಲ್ಲಿ ಬೇವಿನ ನೆರಳಿಗೆ ನಿಲ್ಲಿಸಿ, ಮತ್ತೆ ನೆನೆಸಿ, ಮನೆಯಿಂದ ತಂದ ಉಪ್ಪು ಹಾಕಿದ ಮಜ್ಜಿಗೆ ಕುಡಿದು ಮುಂದೆ ಹೋಗೋದು. ತಲೆ ಸಿಡಿಯೋಕೆ ಶುರುವಾಗಿ ಬೆವರು ನಿಂತುಹೋದರೆ, ಮಾತು ತೊದಲಿದರೆ, ಗಾಡಿ ಅಲ್ಲೇ ಬಿಟ್ಟು ಮೈಮೇಲೆ ನೀರು ಹಾಕಿಸಿಕೊಂಡು ಯಾರ ಜೊತೆಗಾದರೂ ದವಾಖಾನೆಗೆ ಹೋಗಿ.

ಪ್ಯಾಂಟ್ ಜೀನ್ಸ್ ಅಥವಾ ದಪ್ಪ ಹತ್ತಿಯದೇ ಇರಲಿ. ನೈಲಾನ್ ಟ್ರ್ಯಾಕ್ ಪ್ಯಾಂಟು ಸೈಲೆನ್ಸರಿಗೆ ತಾಗಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಹಿಂದೆ ಕೂರೋ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಎಡಗಡೆಯಿಂದ ಇಳೀರಿ ಅಂತ ಮೊದಲೇ ಹೇಳಿ, ಹೆಚ್ಚಿನ ಗಾಡಿಗಳಲ್ಲಿ ಸೈಲೆನ್ಸರ್ ಇರೋದು ಬಲಗಡೆ. ಆದರೂ ಸುಟ್ಟುಕೊಂಡರೆ ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಬೊಬ್ಬೆ ಬಂದರೆ ಒಡೆಯದೆ ಡಾಕ್ಟರಿಗೆ ತೋರಿಸಿ.