ರೇಡ್ ಗನ್‌ಗಳಿಗೆ ರ‍್ಯಾಂಕ್ ಹಾಕೋದು ಹೇಗೆ: ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ

ಅಂಗಡಿಗೆ ಬಂದವರು 'ಒಳ್ಳೆ ಡ್ರಿಲ್ ಬಿಟ್ ಕೊಡಿ' ಅಂದರೆ ನಾನು ಮೊದಲು ಕೇಳುವುದು 'ಯಾವ ಗೋಡೆಗೆ ಸಾರ್?' ಅಂತ. ಮರಕ್ಕೆ ಬೇರೆ, ಟೈಲ್ಸ್‌ಗೆ ಬೇರೆ, ಕಾಂಕ್ರೀಟ್‌ಗೆ ಬೇರೆ. ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದು ಸಣ್ಣ ಹಾರ್ಡ್‌ವೇರ್ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ಕೂರುತ್ತೇನೆ. ರಾತ್ರಿ ಎಂಟೂವರೆಗೆ ಶಟರ್ ಎಳೆದು, ಊಟ ಮುಗಿಸಿ, ಹತ್ತು ಗಂಟೆಗೆ ಕಂಪ್ಯೂಟರ್ ಮುಂದೆ ಕುಳಿತರೆ ನಾನು ಬೇರೆ ಮನುಷ್ಯ. ಆಡುವುದು 'ಡೆಸ್ಟಿನಿ 2'. ಅಲ್ಲೂ ಎಲ್ಲರೂ ಅದೇ ಪ್ರಶ್ನೆ ಕೇಳುತ್ತಾರೆ: 'ಯಾವ ಗನ್ ಬೆಸ್ಟು?' ನಾನು ಅಲ್ಲೂ ಕೇಳುವುದು, ಯಾವ ಗೋಡೆಗೆ?

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ರೇಡ್ ಅಂದರೆ ಆರು ಜನ ಸೇರಿ ಆಡುವ ದೊಡ್ಡ ಸವಾಲು. ಡಂಜನ್ ಅಂದರೆ ಮೂರು ಜನರದ್ದು. ಹೆಚ್ಚುಕಮ್ಮಿ ಪ್ರತಿ ರೇಡ್‌ನಲ್ಲೂ ಒಂದು ಅಪರೂಪದ ಗನ್ ಇರುತ್ತದೆ, ಅದನ್ನು ಎಕ್ಸಾಟಿಕ್ ಅನ್ನುತ್ತಾರೆ. ಬಹಳಷ್ಟು ರೇಡ್‌ಗಳಲ್ಲಿ ಅದು ಕೊನೆಯ ಬಾಸ್ (ಅಂದರೆ ದೊಡ್ಡ ಶತ್ರು) ಸತ್ತಾಗ ಅದೃಷ್ಟವಿದ್ದರೆ ಸಿಗುತ್ತದೆ. ಒಂದು ಕ್ಯಾರೆಕ್ಟರ್‌ಗೆ ವಾರಕ್ಕೆ ಒಂದೇ ಸಲ ಅವಕಾಶ. ವಾರ ಬದಲಾಗುವುದು ನಮ್ಮ ಲೆಕ್ಕದಲ್ಲಿ ಮಂಗಳವಾರ ರಾತ್ರಿ ಹತ್ತೂವರೆಗೆ. ಅದಕ್ಕೇ ಮಂಗಳವಾರ ಯಾರಾದರೂ ಊಟಕ್ಕೆ ಕರೆದರೆ ನಮ್ಮ ಮನೆಯವಳೇ ಮೊದಲು 'ಇವರಿಗೆ ಆಗಲ್ಲ' ಅಂದುಬಿಡುತ್ತಾಳೆ.

ನಮ್ಮ ಆರು ಜನರ ಗುಂಪಿನಲ್ಲಿ ನಾನು, ನನ್ನ ಅಕ್ಕನ ಮಗ, ಮೈಸೂರಿನ ಒಬ್ಬ ಹಲ್ಲಿನ ಡಾಕ್ಟರು, ಹುಬ್ಬಳ್ಳಿಯ ಒಬ್ಬ ಮೇಷ್ಟ್ರು, ವಿಜಯನಗರದ ಇಬ್ಬರು ಹುಡುಗರು. ಗುರಿ ಸರಿಯಾಗಿ ಇಡುವವರು ಇಬ್ಬರೇ. ಆ ಇಬ್ಬರಲ್ಲಿ ನಾನಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ರ‍್ಯಾಂಕ್ ಹಾಕಲು ನಾನು ಬಳಸುವುದು ಅಂಗಡಿಯ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಸಾಲದ ಲೆಕ್ಕ ಮುಂದಿನಿಂದ, ಗನ್ ಲೆಕ್ಕ ಹಿಂದಿನಿಂದ. ಒಂದು ಗನ್‌ಗೆ ಒಂದು ಸಾಲು, ನಾಲ್ಕು ಕಾಲಂ: ಕೆಲಸ, ಜಾಗ, ಪಕ್ಕದವರು, ವಾರ. ಡ್ಯಾಮೇಜ್, ಅಂದರೆ ಶತ್ರುವಿಗೆ ಎಷ್ಟು ಏಟು ಬೀಳುತ್ತದೆ ಅಂತ ಬೇರೆ ಕಾಲಂ ಇಲ್ಲ. ಬೇಕಂತಲೇ ಇಟ್ಟಿಲ್ಲ. ಆಟ ಮಾಡುವ ಬಂಜೀ ಕಂಪನಿ ಆ ಅಂಕಿಗಳನ್ನು ಆಗಾಗ ಬದಲಾಯಿಸುತ್ತಲೇ ಇರುತ್ತದೆ. ಇವತ್ತು ಬರೆದದ್ದು ಮೂರು ತಿಂಗಳಿಗೆ ಹಳಸುತ್ತದೆ.

ಕೆಲಸ ಅನ್ನುವ ಕಾಲಂನಲ್ಲಿ ಒಂದೇ ವಾಕ್ಯ ಬರೆಯಬೇಕು: ಈ ಗನ್ ಮಾಡುವ ಯಾವ ಕೆಲಸವನ್ನು ಬೇರೆ ಯಾವುದೂ ಮಾಡುವುದಿಲ್ಲ? ಬರೆಯಲು ಏನೂ ಹೊಳೆಯದಿದ್ದರೆ ಅಲ್ಲಿಗೆ ಮುಗಿಯಿತು, ಆ ಗನ್ ಕೆಳಗೆ ಹೋಗುತ್ತದೆ.

ಜಾಗ ಅನ್ನುವುದು ಹೊಸಬರು ತಪ್ಪುವ ಕಡೆ. ಒಮ್ಮೆಗೆ ಕೈಯಲ್ಲಿ ಮೂರು ಗನ್, ಆದರೆ ಅದರಲ್ಲಿ ಎಕ್ಸಾಟಿಕ್ ಒಂದೇ. ಅಂದರೆ ಒಂದನ್ನು ಹಿಡಿದರೆ ಉಳಿದ ಎಲ್ಲಾ ಎಕ್ಸಾಟಿಕ್‌ಗಳನ್ನೂ ಬಿಟ್ಟ ಹಾಗೆ. ಜೊತೆಗೆ ಗುಂಡಿನ ಲೆಕ್ಕ ಬೇರೆ. ಪ್ರೈಮರಿ ಗುಂಡು ಮುಗಿಯುವುದೇ ಇಲ್ಲ. ಹಸಿರು ಡಬ್ಬಿಯ ಸ್ಪೆಷಲ್ ಗುಂಡು ಮಿತಿಯಲ್ಲಿ ಸಿಗುತ್ತದೆ. ನೇರಳೆ ಡಬ್ಬಿಯ ಹೆವಿ ಗುಂಡಿಗೆ ಕಾಯಬೇಕು. ಹೆವಿ ಜಾಗ ತಿನ್ನುವ ಎಕ್ಸಾಟಿಕ್ ಆದರೆ ಅದು ಬಾಸ್ ಮೇಲೆ ಮಾಮೂಲಿ ಹೆವಿ ಗನ್‌ಗಿಂತ ಎದ್ದು ಕಾಣುವಷ್ಟು ಜಾಸ್ತಿ ಕೆಲಸ ಮಾಡಲೇಬೇಕು.

ಮೂರನೆಯದು ಪಕ್ಕದವರು. ನಾನು ಈ ಗನ್ ಹಿಡಿದರೆ ಉಳಿದ ಐದು ಜನಕ್ಕೆ ಏನು ಸಿಗುತ್ತದೆ? ನಾನು ರ‍್ಯಾಂಕ್ ಹಾಕುವುದೇ ಈ ಕಾಲಂ ಮೇಲೆ ಅಂದರೂ ತಪ್ಪಿಲ್ಲ.

ಕೊನೆಯದು ವಾರ. ಗನ್ ಕೈಗೆ ಬರಲು ಎಷ್ಟು ಮಂಗಳವಾರ ಬೇಕು ಅಂತ. ಇಲ್ಲಿ ಸುಮ್ನೆ ಅಂದಾಜು ಬೇಡ, ಲೆಕ್ಕ ಹಾಕಿ. ಒಂದು ಗನ್ ಸಿಗುವ ಸಾಧ್ಯತೆ ಪ್ರತಿ ಸಲ ನೂರಕ್ಕೆ ಐದು ಅಂದುಕೊಳ್ಳೋಣ. 20 ಸಲ ಆಡಿದರೆ ಸಿಕ್ಕೇ ಸಿಗುತ್ತದೆ ಅಂತ ಜನ ನಂಬುತ್ತಾರೆ. ಇಲ್ಲ. ಪ್ರತಿ ಸಲ ಸಿಗದಿರುವ ಸಾಧ್ಯತೆ 0.95. ಅದನ್ನು ಅದರಿಂದಲೇ 20 ಸಲ ಗುಣಿಸಿದರೆ ಸುಮಾರು 0.36 ಬರುತ್ತದೆ. ಅಂದರೆ ನೂರು ಜನರಲ್ಲಿ 36 ಜನ ಇಪ್ಪತ್ತು ಸಲ ಆಡಿಯೂ ಬರಿಗೈಯಲ್ಲಿ ಮನೆಗೆ. ಟೈಟನ್, ಹಂಟರ್, ವಾರ್ಲಾಕ್ ಮೂರೂ ಕ್ಯಾರೆಕ್ಟರ್ ಇಟ್ಟುಕೊಂಡರೆ ವಾರಕ್ಕೆ ಮೂರು ಅವಕಾಶ. ಆಗಲೂ 20 ಸಲಕ್ಕೆ ಏಳು ವಾರ ಬೇಕು. ನನಗೆ ಮೂರು ಕ್ಯಾರೆಕ್ಟರ್ ಆಡಿಸುವಷ್ಟು ನಿದ್ದೆ ಮಿಕ್ಕಿಲ್ಲ. ಒಂದೇ ಇಟ್ಟುಕೊಂಡಿದ್ದೇನೆ.

ಈ ಕಾರಣಕ್ಕೇ ಕ್ವೆಸ್ಟ್ (ಆಟ ಕೊಡುವ ಕೆಲಸಗಳ ಸರಣಿ) ಮುಗಿಸಿದರೆ ಖಂಡಿತ ಸಿಗುವ ಗನ್‌ಗಳಿಗೆ ನಾನು ಎರಡು ಮೆಟ್ಟಿಲು ಮೇಲೆ ಕೊಡುತ್ತೇನೆ.

ಈಗ ನಮ್ಮ ಪಟ್ಟಿಗೆ ಬರೋಣ. ಮೊದಲನೆಯದು ಡಿವಿನಿಟಿ. ಗಾರ್ಡನ್ ಆಫ್ ಸಾಲ್ವೇಶನ್ ರೇಡ್‌ನದು, 2019 ರಲ್ಲಿ ಬಂದದ್ದು. ಇದು ಸಾಯಿಸುವ ಗನ್ನೇ ಅಲ್ಲ. ಟ್ರಿಗರ್ ಒತ್ತಿ ಹಿಡಿದರೆ ಒಂದು ಕಿರಣ ಬರುತ್ತದೆ. ಬಾಸ್ ಮೇಲೆ ಸ್ವಲ್ಪ ಹೊತ್ತು ಬಿಟ್ಟರೆ ಅದರ ಸುತ್ತ ಬೆಳಕಿನ ಗುಳ್ಳೆಯೊಂದು ಕಟ್ಟಿಕೊಳ್ಳುತ್ತದೆ. ಆ ಗುಳ್ಳೆಗೆ ಎಲ್ಲಿ ಹೊಡೆದರೂ ತಲೆಗೆ ಹೊಡೆದ ಲೆಕ್ಕ, ತಲೆಗೆ ಬಿದ್ದ ಗುಂಡಿಗೆ ಬೆಲೆ ಜಾಸ್ತಿ. ಜೊತೆಗೆ ಬಾಸ್‌ಗೆ ಬೀಳುವ ಏಟೂ ಹೆಚ್ಚುತ್ತದೆ. ಮೊದಲು ನೂರಕ್ಕೆ 30 ಹೆಚ್ಚುತ್ತಿತ್ತು, ಆಮೇಲೆ 15 ಕ್ಕೆ ಇಳಿಸಿದರು.

15 ಕ್ಕೆ ಇಳಿಸಿದಾಗ 'ಡಿವಿನಿಟಿ ಸತ್ತೋಯ್ತು' ಅಂತ ನನ್ನ ಅಕ್ಕನ ಮಗ ಅಂದ. ನಾನು ಪುಸ್ತಕ ತೆಗೆದೆ. ಆರು ಜನ ತಲಾ 100 ಹೊಡೆದರೆ 600. ಒಬ್ಬ ಡಿವಿನಿಟಿ ಹಿಡಿದರೆ ಉಳಿದ ಐದು ಜನ ತಲಾ 115, ಒಟ್ಟು 575. ಹಿಡಿದವನದು ಏನೋ ಸ್ವಲ್ಪ ಸೇರಿದರೆ ಹೆಚ್ಚುಕಮ್ಮಿ ಅದೇ 600. ಅಂದರೆ ಲಾಭ ಸೊನ್ನೆ, ಅಲ್ವಾ? ಗುರಿಕಾರರ ತಂಡಕ್ಕೆ ಹೌದು. ಆದರೆ ನಮ್ಮಲ್ಲಿ ನಾಲ್ಕು ಜನ ತಲೆಗೆ ಅಂತ ಹೊಡೆದರೆ ಭುಜಕ್ಕೆ ಬೀಳುತ್ತದೆ, ಇಲ್ಲವೇ ಆಕಾಶಕ್ಕೆ. ಗುಳ್ಳೆ ಬಂದ ಮೇಲೆ ಅವರ ಪ್ರತಿ ಗುಂಡೂ ತಲೆಗೆ. ನಮ್ಮ ಲಾಭ ಇರುವುದು ಆ 15 ರಲ್ಲಿ ಅಲ್ಲ, ಗುಳ್ಳೆಯಲ್ಲಿ. ಹಾಗಾಗಿ ನಿಮ್ಮ ತಂಡದ ಗುರಿ ಚೆನ್ನಾಗಿದ್ದರೆ ಇದನ್ನು ಐದನೆಯದಕ್ಕೆ ಇಳಿಸಿ. ರಾಕೆಟ್ ಹೊಡೆಯುವವರೇ ಜಾಸ್ತಿ ಇದ್ದರೂ ಇಳಿಸಿ, ರಾಕೆಟ್‌ಗೆ ತಲೆ, ಕಾಲು ಎಲ್ಲಾ ಒಂದೇ. ಬಾಸ್‌ನ ಬಲ ಕುಗ್ಗಿಸುವ ಬೇರೆ ಪವರ್ ಯಾರ ಹತ್ತಿರವಾದರೂ ಇದ್ದರೆ ಅದೂ ಇದೂ ಕೂಡುವುದಿಲ್ಲ, ದೊಡ್ಡದೊಂದೇ ಲೆಕ್ಕಕ್ಕೆ. ಒಂದು ತಂಡಕ್ಕೆ ಒಂದೇ ಡಿವಿನಿಟಿ ಸಾಕು. ಎರಡನೆಯದು ಹಿಡಿದವನು ದಂಡ.

ಇದನ್ನು ಪಡೆಯಲು ರೇಡ್ ಒಳಗೆ ಏಳು ಒಗಟು ಬಿಡಿಸಬೇಕು. ಬೆಳಕಿನ ಗೆರೆಯನ್ನು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿಸಿ ತುದಿ ಮುಟ್ಟಿಸಬೇಕು. ಗಾರೆ ಕೆಲಸದವರು ಗೋಡೆಗೆ ದಾರ ಹಿಡಿಯುತ್ತಾರಲ್ಲ, ಹಾಗೆ. ನಾವು ಆರನೆಯದು ಮುಗಿಸಿದ್ದೆವು, ರಾತ್ರಿ ಒಂದು ಗಂಟೆ, ನಮ್ಮ ಬೀದಿಯ ಕರೆಂಟ್ ಹೋಯಿತು. ಕಂಪ್ಯೂಟರ್‌ಗೆ ಯುಪಿಎಸ್ ಇತ್ತು. ಪರದೆ ಬೆಳಗುತ್ತಲೇ ಇತ್ತು. ಆದರೆ ಗೋಡೆ ಮೇಲಿನ ರೂಟರ್‌ನ ಪ್ಲಗ್ ಮಾಮೂಲಿ ಸಾಕೆಟ್‌ನಲ್ಲಿ! ದಿನಾ ಹತ್ತು ಜನಕ್ಕೆ ಎಕ್ಸ್‌ಟೆನ್ಷನ್ ಬೋರ್ಡ್ ಮಾರುವ ನಾನು ಮನೆಗೆ ಒಂದು ತಂದು ರೂಟರ್‌ಗೆ ಯುಪಿಎಸ್‌ನಿಂದ ಲೈನ್ ಕೊಟ್ಟಿರಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಮತ್ತೆ ಒಳಗೆ ಹೋಗುವಷ್ಟರಲ್ಲಿ ಹನ್ನೆರಡು ನಿಮಿಷ. ಐದೂ ಜನ ಅಲ್ಲೇ ಗೆರೆ ಎಳೆಯುವ ಜಾಗದಲ್ಲಿ ಕುಣಿಯುತ್ತಾ ಕಾಯುತ್ತಿದ್ದರು. ಮೇಷ್ಟ್ರು ಮಾತ್ರ 'ಏನ್ರೀ, ಅಂಗಡಿ ಬಾಗ್ಲಾ ಹಾಕಿದ್ರೇನು?' ಅಂದರು. ಮಾರನೇ ದಿನ ಬೆಳಿಗ್ಗೆ ಅಂಗಡಿಯಿಂದ ಮನೆಗೆ ಹೋದ ಮೊದಲ ಮಾಲು ಆ ಬೋರ್ಡು. ರೇಡ್ ಆಡುವವರು ಗನ್‌ಗೆ ಮುಂಚೆ ರೂಟರ್ ನೋಡಿಕೊಳ್ಳಿ.

ಎರಡನೇ ಸ್ಥಾನ ಗ್ಯಾಲರ್‌ಹಾರ್ನ್‌ಗೆ. ಇದು ರೇಡ್‌ನದಲ್ಲ, ಗ್ರಾಸ್ಪ್ ಆಫ್ ಅವರಿಸ್ ಅನ್ನುವ ಡಂಜನ್‌ನ ರಾಕೆಟ್ ಲಾಂಚರ್. 2021 ರ ಡಿಸೆಂಬರ್‌ನಲ್ಲಿ ಬಂತು. ಕ್ವೆಸ್ಟ್, ಆದ್ದರಿಂದ ಖಂಡಿತ ಸಿಗುತ್ತದೆ. ಮೂರೇ ಜನ ಸಾಕು. ರಾಕೆಟ್ ಸಿಡಿದ ಮೇಲೆ ಸಣ್ಣ ಸಣ್ಣ ರಾಕೆಟ್‌ಗಳು ಬಾಸ್ ಹಿಂದೆ ಓಡುತ್ತವೆ. ನಮ್ಮ ಹತ್ತಿರ ನಿಂತವರ ಮಾಮೂಲಿ ರಾಕೆಟ್‌ಗಳಿಗೂ ಆ ಮರಿ ರಾಕೆಟ್ ಹುಟ್ಟುತ್ತವೆ. ಮೂರನೇ ಕಾಲಂನಲ್ಲಿ ಪೂರ್ತಿ ಅಂಕ. ಎಕ್ಸಾಟಿಕ್ ಹಿಡಿದವನು ಒಬ್ಬನೇ, ಊಟ ಎಲ್ಲರಿಗೂ.

ಮೂರನೆಯದು ಕಂಡೀಷನಲ್ ಫೈನಾಲಿಟಿ. ರೂಟ್ ಆಫ್ ನೈಟ್‌ಮೇರ್ಸ್ ರೇಡ್, 2023. ಎರಡೇ ಗುಂಡಿನ ಶಾಟ್‌ಗನ್. ಮೊದಲ ಹೊಡೆತ ಎದುರಿನವನನ್ನು ಹಿಮಗಟ್ಟಿಸುತ್ತದೆ, ಎರಡನೆಯದು ಬೆಂಕಿಯಾಗಿ ಸಿಡಿಯುತ್ತದೆ. ಷರತ್ತು ಒಂದೇ: ಚರೆಗಳು ಹೆಚ್ಚುಕಮ್ಮಿ ಎಲ್ಲಾ ಮೈಗೆ ತಗುಲಬೇಕು. ದೂರದಿಂದ ಹೊಡೆದರೆ ಇದು ಬರೀ ಸದ್ದು. ನಾನು ಮೊದಲೆರಡು ವಾರ ಬೈದುಕೊಂಡೇ ಬಳಸಿದೆ. ಆಮೇಲೆ ಡಾಕ್ಟರು ಹೇಳಿಕೊಟ್ಟರು: 'ನೀವು ಹೆದರಿ ಹಿಂದೆ ಸರೀತಾ ಹೊಡೀತೀರಿ. ಒಂದು ಹೆಜ್ಜೆ ಮುಂದೆ ಹೋಗಿ, ಬಾಯಿ ತೆರೆಸಿ ಹಲ್ಲು ನೋಡೋ ಹಾಗೆ.' ಅಷ್ಟೇ, ಕೈಗೆ ಕೂತಿತು. ಬಾಸ್‌ಗಳು ಹಿಮಗಟ್ಟುವುದಿಲ್ಲ, ಅದು ನೆನಪಿರಲಿ. ಬಾಸ್ ಸುತ್ತ ಬರುವ ದಪ್ಪ ಆಸಾಮಿಗಳಿಗೆ ಇದು. ಹೆವಿ ಜಾಗ ಖಾಲಿ ಉಳಿಯುವುದು ಇನ್ನೊಂದು ಲಾಭ.

ವೆಕ್ಸ್ ಮಿಥೋಕ್ಲಾಸ್ಟ್ ನಾಲ್ಕು. ಮನಸ್ಸಿಗೆ ಒಂದು. 2014 ರ ಮೊದಲ 'ಡೆಸ್ಟಿನಿ'ಯಲ್ಲೇ ವಾಲ್ಟ್ ಆಫ್ ಗ್ಲಾಸ್ ರೇಡ್‌ನಲ್ಲಿ ಇತ್ತು, 2021 ರಲ್ಲಿ ಆ ರೇಡ್ ಜೊತೆ ವಾಪಸ್ ಬಂತು. ಹೆಸರಿಗೆ ಫ್ಯೂಷನ್ ರೈಫಲ್ (ಚಾರ್ಜ್ ಆದ ಮೇಲೆ ಹೊಡೆಯುವ ಗನ್), ಹೊಡೆಯುವುದು ಆಟೋ ರೈಫಲ್ ಥರ ಬಿಡದೆ, ತಿನ್ನುವುದು ಮುಗಿಯದ ಪ್ರೈಮರಿ ಗುಂಡು. ಶತ್ರುಗಳನ್ನು ಕೊಂದು ಚಾರ್ಜ್ ತುಂಬಿಸಿಕೊಂಡರೆ ಒಂದೊಂದೇ ದಪ್ಪ ಹೊಡೆತ ಹೊಡೆಯುವ ಬೇರೆ ಗನ್ ಆಗುತ್ತದೆ. ಅದರ ಸದ್ದು ಕೇಳಲೇ ಆಡಬೇಕು. ಆದರೆ ಪಕ್ಕದವರು ಕಾಲಂ ಖಾಲಿ, ವಾರದ ಕಾಲಂ ನಂಬುವ ಹಾಗಿಲ್ಲ.

ಟಚ್ ಆಫ್ ಮ್ಯಾಲಿಸ್, ಕಿಂಗ್ಸ್ ಫಾಲ್ ರೇಡ್‌ನದು, ಐದನೆಯದು. ಇದರ ಕೊನೆಯ ಗುಂಡು ಮುಗಿಯುವುದೇ ಇಲ್ಲ, ಆದರೆ ಪ್ರತಿ ಸಲ ಹೊಡೆದವನ ಜೀವದಿಂದಲೇ ಬೆಲೆ ಕಿತ್ತುಕೊಳ್ಳುತ್ತದೆ. ಮೇಷ್ಟ್ರು ಒಮ್ಮೆ ಇದನ್ನು ಒತ್ತಿ ಹಿಡಿದು 'ಜೀವ ಹೊಂಟೈತ್ರೀ, ಯಾರರ ನೋಡ್ರಿ' ಅಂತ ಕೂಗುತ್ತಲೇ ಸತ್ತರು. ಪಕ್ಕದಲ್ಲಿ ಜೀವ ತುಂಬುವವನು ಇಲ್ಲದೆ ಮುಟ್ಟಬೇಡಿ.

ಉಳಿದವುಗಳನ್ನು ಬೇಗ ಮುಗಿಸುತ್ತೇನೆ. ಲಾಸ್ಟ್ ವಿಶ್ ರೇಡ್‌ನ ಒನ್ ಥೌಸಂಡ್ ವಾಯ್ಸಸ್ ನೋಡಲು ದೀಪಾವಳಿ. ಚಾರ್ಜ್ ಆಗುವ ತನಕ ಬಯಲಲ್ಲಿ ನಿಲ್ಲುವ ಧೈರ್ಯ ಬೇಕು, ನನಗಿಲ್ಲ. ಕ್ರೋಟಾಸ್ ಎಂಡ್‌ನ ನೆಕ್ರೋಕಾಸಮ್ ಗುಂಪು ಚದುರಿಸಲು ಪರವಾಗಿಲ್ಲ. ಸಾಲ್ವೇಶನ್ಸ್ ಎಡ್ಜ್‌ನ ಯೂಫನಿಗೆ ವಿಜಯನಗರದ ಹುಡುಗರು ಮೊದಲ ಸ್ಥಾನ ಕೊಡುತ್ತಾರೆ. ಅವರೇ ಆ ಇಬ್ಬರು ಗುರಿಕಾರರು, ಅವರ ಗೋಡೆ ಬೇರೆ. ಕೊನೆಯಲ್ಲಿ ಡೀಪ್ ಸ್ಟೋನ್ ಕ್ರಿಪ್ಟ್‌ನ ಐಸ್ ಆಫ್ ಟುಮಾರೋ. ಒಮ್ಮೆಗೆ ಹಲವು ಶತ್ರುಗಳನ್ನು ಹುಡುಕಿ ಹೋಗುವ ರಾಕೆಟ್‌ಗಳು. ಚಂದ. ಆದರೆ ಸಣ್ಣ ಶತ್ರುಗಳ ಗುಂಪಿಗೆ ಹೆವಿ ಗುಂಡು ಸುರಿಯುವುದು ಮೊಳೆ ಹೊಡೆಯಲು ರೋಟರಿ ಹ್ಯಾಮರ್ ತಂದ ಹಾಗೆ. ನನಗೆ ಇದು ಮೊದಲನೇ ಸಲಕ್ಕೇ ಸಿಕ್ಕಿತು. ಬೇಡದ್ದು ಹಾಗೇ ಸಿಗುವುದು.

ಹೊಸ ಗನ್ ಸಿಕ್ಕಾಗ ಒಂದೇ ರಾತ್ರಿಯಲ್ಲಿ ಅಂಕ ಹಾಕಬೇಡಿ. ಅದೇ ಬಾಸ್, ಅದೇ ಜಾಗ, ಅದೇ ಮನುಷ್ಯ, ಮೂರು ವಾರ. ಬಾಸ್‌ಗೆ ಹೊಡೆಯುವ ಅವಕಾಶ ಮುಗಿದಾಗ ಅದರ ಜೀವದ ಗೆರೆ ಎಲ್ಲಿಗೆ ಬಂತು, ನನ್ನ ಗುಂಡು ಎಷ್ಟು ಉಳಿಯಿತು, ನಾನು ಎಷ್ಟು ಸಲ ಸತ್ತೆ, ಈ ಮೂರನ್ನು ಗೀಚಿಕೊಳ್ಳುತ್ತೇನೆ. ಮೂರನೆಯದನ್ನು ಯಾರೂ ಬರೆಯುವುದಿಲ್ಲ. ಸತ್ತವನ ಡ್ಯಾಮೇಜ್ ಸೊನ್ನೆ. ಪೆನ್ಸಿಲ್‌ನಲ್ಲೇ ಬರೆಯಿರಿ. 2020 ರ ನವೆಂಬರ್‌ನಲ್ಲಿ ಐದು ರೇಡ್‌ಗಳನ್ನೇ ಆಟದಿಂದ ತೆಗೆದುಬಿಟ್ಟರು. ಅಲ್ಲಿ ಸಿಗುತ್ತಿದ್ದ ಅನಾರ್ಕಿ, ಟಾರಾಬಾ ಅನ್ನುವ ಗನ್‌ಗಳು ಟವರ್‌ನ (ಆಟಗಾರರೆಲ್ಲ ಸೇರುವ ಜಾಗ) ಒಂದು ಕಿಯಾಸ್ಕ್‌ಗೆ ಬಂದು ಕೂತವು. ಅದೃಷ್ಟದ ಮಾಲು ದುಡಿದು ಕೊಳ್ಳುವ ಮಾಲಾಯಿತು. ಅವುಗಳ ವಾರದ ಕಾಲಂ ಪೂರ್ತಿ ಅಳಿಸಿ ಬರೆಯಬೇಕಾಯಿತು.

ಇನ್ನೊಂದು ನಿಯಮ ಇದೆ: ಕೈಗೆ ಬಾರದ ಗನ್‌ಗೆ ರ‍್ಯಾಂಕ್ ಇಲ್ಲ. ನನ್ನ ಅಕ್ಕನ ಮಗನಿಗೆ ವೆಕ್ಸ್ ಇನ್ನೂ ಸಿಕ್ಕಿಲ್ಲ. ಅವನ ಪುಟದಲ್ಲಿ ಬರಿಗೈಯಲ್ಲಿ ಬಂದ ಸಲಕ್ಕೊಂದರಂತೆ 31 ಗೀಟುಗಳಿವೆ. ಮೊನ್ನೆ ಅಂಗಡಿಗೆ ಬಂದವನು ನಾನು ಪೇಂಟ್ ಡಬ್ಬ ತೆಗೆಯಲು ಒಳಗೆ ಹೋದಾಗ ಪುಸ್ತಕ ತಿರುವಿ, ಪಟ್ಟಿಯ ತಲೆಯ ಮೇಲೆ 'ವೆಕ್ಸ್ - 1' ಅಂತ ಪೆನ್ನಿನಲ್ಲೇ ಬರೆದಿದ್ದಾನೆ. ಕೇಳಿದರೆ 'ಮಾಮ, ಮಂಗಳವಾರ ನೋಡು' ಅಂದ. ನಾನು ಅದನ್ನು ಹೊಡೆದುಹಾಕಿಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಬಾಕಿ' ಅಂತ ಬರೆದಿಟ್ಟಿದ್ದೇನೆ.